ಆರಾಣೆ ಹೊಲ

ಕರ್ಜಗಿ
18 ಫೆಬ್ರುವರಿ 2025

ಪುಣೆದಾಗಿರೂ ಪ್ರವೀಣಕುಮಾರ ಸಾಹೇಬ್ರಿಗೆ ಕರ್ಜಗಿ ಬಾಬಾಜಾನನ ಸಲಾಮು.

ನಾ ಯಾರಂತ ನೆನಪ ಐತೇನ್ರಿ? ಹೋದ ತಿಂಗಳ ನೀವು ನಮ್ಮೂರಿಗೆ ಬಂದು, ಬ್ರಿಟಿಷರ ಆಳ್ವಿಕಿಯಿಂದ ಈ ಕಡೆ ಊರು ಹೆಂಗ ಬೆಳದಾವು, ಹೆಂಗ ಬೆಳದಿಲ್ಲ ಅಂತ ನಲವತ್ತೊಂದು ಪ್ರಶ್ನಿ ಕೇಳಿದ್ರಿ. ನೀವು ಹತ್ತನೇ ಪ್ರಶ್ನಿಗೆ ಬರೂದ್ರಾಗ ಒಂದು ಎಮ್ಮಿ ಒಂಬತ್ತನೇ ಪ್ರಶ್ನಿ ಹಾಳಿ ತಿಂದಿತ್ತು. ಆ ಎಮ್ಮಿ ಮಾಲಕ ನಾನ. ಎಮ್ಮಿ ಆರಾಮ ಐತಿ, ನಾವೂ ಆರಾಮ ಅದೇವಿ.

ಉಳದ ಉತ್ತರ ಬರದು ಕಳಸ್ರಿ ಅಂತ ಟಿಕೆಟ್ ಹಚ್ಚಿದ ಪಾಕೀಟು ಐದು ಕೊಟ್ಟು ಹೋದ್ರಿ. ಫೋನ್ ಮಾಡಿದ್ರ ನಡೀತಿತ್ತು, ಖರೆ. ಆದ್ರ ಹಚ್ಚಿದ ಟಿಕೆಟ್ ಹಾಳು ಮಾಡಾಕ ಮನಸ ಬರಲಿಲ್ಲ. ನಾಕನೇತ್ತ ತನಕ ಸಾಲಿಗೆ ಹೋದಾವ ನಾ. ತಪ್ಪಿದ್ರ ಮಾಸ್ತರ್ರಂಗ ಕೆಂಪು ಶಾಯಿ ಹಚ್ಚಬ್ಯಾಡ್ರಿ.

ಹದಿನಾಕನೇ ಪ್ರಶ್ನಿ. ನಿಮ್ಮ ಮನಿತನ ಬ್ರಿಟಿಷರ ನೇರ ಆಳ್ವಿಕಿಯೊಳಗಿತ್ತೋ, ಸಂಸ್ಥಾನದೊಳಗಿತ್ತೋ ಅಂತ ಕೇಳೀರಿ. ನಮ್ಮ ಮನ್ಯಾಗ ಎರಡೂ ಅದಾವ್ರಿ. ನಾ ತುಂಗಭದ್ರಾ ಹೊಳಿ ಈಚೆ ಕಡೆಯವ, ಮುಂಬೈ ಸರಕಾರಕ್ಕ ಕಂದಾಯ ಕಟ್ಟಿದವರ ವಂಶ. ನನ್ನ ಹೆಣ್ತಿ ರಮಜಾನಬಿ ಹೊಳಿ ಆಚೆ, ಹರಿಹರ ಕಡೆಯಾಕಿ, ಮೈಸೂರ ಮಹಾರಾಜರ ಪ್ರಜಾ. ಕುಮಾರಪಟ್ಟಣದ ದಂಡಿಗೆ ನಿಂತ್ರ ಅಕಿ ತವರುಮನಿ ತೆಂಗಿನ ಗಿಡ ಕಾಣತಾವು. ಮದಿವ್ಯಾಗಿ ಇಪ್ಪತ್ತಾರು ವರ್ಷ ಆತು. "ನಮ್ಮ ಕಡೆ ರಾಜರು ಸಾಲಿ ಕಟ್ಟಿಸಿದ್ರು, ನಿಮ್ಮ ಕಡೆ ಬ್ರಿಟಿಷರು ಕಂದಾಯದ ಕಚೇರಿ ಕಟ್ಟಿಸಿದ್ರು, ಅದಕ್ಕ ನಾ ಏಳನೇತ್ತ, ನೀವು ನಾಕನೇತ್ತ" ಅಂತ ಇವತ್ತಿಗೂ ಅಂತಾಳ. ಸದ್ಯಕ್ಕ ನಮ್ಮ ಮನ್ಯಾಗ ನೇರ ಆಳ್ವಿಕಿ ರಮಜಾನಬಿದು. ನಾ ಕಪ್ಪ ಕೊಡೂ ಸಂಸ್ಥಾನ. ಪ್ರಶ್ನಿ ಹಾಳ್ಯಾಗಿನ ಎರಡೂ ಮನಿಗೆ ಗುರ್ತ ಹಾಕೇನಿ.

ಈಗ ನಂದೊಂದು ಪ್ರಶ್ನಿ. ನಮ್ಮ ಹೊಲಕ್ಕ ಊರಾಗ ಆರಾಣೆ ಹೊಲ ಅಂತಾರ. ಬ್ರಿಟಿಷರು ಜಮೀನ ಅಳದಾಗ ಮಣ್ಣಿಗೆ ಹದಿನಾರಾಣೆದಾಗ ಮಾರ್ಕ್ಸ್ ಹಾಕಿದ್ರಂತ. ಬಾಜೂ ಕೊಟ್ರಪ್ಪನ ಹೊಲಕ್ಕ ಹದಿನಾರಕ್ಕ ಹದಿನಾರು. ನಮಗ ಆರು. ನಡುವ ಇರೂದು ಒಂದ ಬದು. ಕೊಟ್ರಪ್ಪ ತನ್ನ ಟ್ರ್ಯಾಕ್ಟರಿನ ಹಿಂದ "ಹದಿನಾರಾಣೆ ಕೊಟ್ರಪ್ಪ" ಅಂತ ಬರಸ್ಯಾನ. ಆಣೆ ಚಲಾವಣಿ ಬಂದಾಗಿ ಅರವತ್ತೆಂಟು ವರ್ಷ ಆತು, ನಮ್ಮೂರಾಗ ಇನ್ನೂ ಬಂದಾಗಿಲ್ಲ.

ಯಾಕ ಆರು ಅಂದ್ರ, ಅಳಿಯಾಕ ಬಂದ ಸಾಹೇಬನ ಕುದರಿ ನಮ್ಮ ಹೊಲದಾಗ ಬಿದ್ದು ಸತ್ತಿತಂತ. ಸಿಟ್ಟಿಲೆ ಆರು ಅಂತ ಬರದು ಸಾಹೇಬ ನಡಕೊಂತ ಹೋದ. ಕುದರಿ ಗೋರಿ ಹೊಲದ ಮೂಲ್ಯಾಗ ಇನ್ನೂ ಐತಿ, ಬಿಳಿ ಸುಣ್ಣಗಲ್ಲಿನ ದೊಡ್ಡ ಗುಂಪಿ. ಎತ್ತಿಗೆ ಜಡ್ಡಾದ್ರ ಊರವರು ಅದಕ್ಕ ಊದಬತ್ತಿ ಹಚ್ಚತಾರ. ಈ ಕಥಿ ನಾ ಇಪ್ಪತ್ತೈದು ವರ್ಷದಿಂದ ಚಹಾದಂಗಡ್ಯಾಗ ಹೇಳಾಕತ್ತೇನಿ. ಕುದರಿ ಸಾಯೂ ಜಾಗಾಕ್ಕ ನಾನ ನೆಲಕ್ಕ ಬಿದ್ದು ತೋರಸ್ತೇನಿ.

ಪುಣೆದಾಗ ಹಳೇ ದಫ್ತರ ನೋಡಾಕ ಹೊಂಟೇನಿ ಅಂದಿದ್ರಿ. ಸಾಹೇಬ ಸಿಟ್ಟಿಲೆ ಬರದದ್ದು ಎಲ್ಲ್ಯಾರ ಸಿಕ್ಕರ ಶಿಕ್ಕಾ ಹೊಡದ ನಕಲು ಕಳಸ್ರಿ. ಫೋನಿನ್ಯಾಗಿನ ಫೋಟೋ ನಮ್ಮೂರಾಗ ನಡಿಯಂಗಿಲ್ಲ. ಫೋನಿನ್ಯಾಗ ನಮ್ಮೂರಿಗೆ ಎರಡು ಸಲ ಹುಲಿನೂ ಬಂದು ಹೋಗೈತಿ. ನನಗೇನ ಗರಜಿಲ್ರಿ, ಸುಮ್ನ ಮಜಾಕ್ಕ ಕೇಳಿದೆ.

ನಿಮ್ಮ
ಬಾಬಾಜಾನ

ಗರಜ ಐತ್ರಿ. ನಾ ರಮಜಾನಬಿ ಬರದದ್ದು. ಹದಿನೆಂಟು ವರ್ಷದಿಂದ ನಾ ಮಂದಿ ಹೊಲದಾಗ ಬೀಜದ ಕಂಪನಿಗೆ ಕ್ರಾಸಿಂಗ್ ಮಾಡಾಕತ್ತೇನಿ. ಬಿಳಿ ಪರದೆ ಕಟ್ಟಿದ ಮನ್ಯಾಗ ಕುಂತು ಮೆಣಸಿನ ಗಿಡದ ಒಂದೊಂದು ಹೂವಿಗೂ ಕೈಲೆ ಪುಡಿ ಹಚ್ಚೂ ಕೆಲಸ. ಆ ಪರದೆ ಮನಿಗೆ ನೆಟ್ ಅಂತಾರ. ನಮ್ಮ ಹೊಲದಾಗೂ ಒಂದು ನೆಟ್ ಹಾಕಸ್ರಿ ಅಂತ ರಾಣೆಬೆನ್ನೂರಿನ ಏಜೆಂಟ್ ನಿಜಲಿಂಗಪ್ಪನವರಿಗೆ ಮೂರು ವರ್ಷದಿಂದ ಕೇಳಾಕತ್ತೇನಿ. ಆರಾಣೆ ಹೊಲದಾಗ ಬೀಜ ಮಾಡಿದ್ರ ಮೊಳಕಿನೂ ಆರಾಣೆ ಬರತೈತಿ ಅಂತಾರ. ವರ್ಷಾ ವರ್ಷಾ ಕೊಟ್ರಪ್ಪಣ್ಣಾರ ಹೊಲಕ್ಕ ಕೊಡತಾರ. ಜೂನ್‌ದಾಗ ಈ ವರ್ಷದ ಪಟ್ಟಿ ಆಕ್ಕೈತಿ. ಕಾಗದ ಹುಡುಕ್ರಿ.


ಪುಣೆ
3 ಮಾರ್ಚ್ 2025

ಮಾನ್ಯ ಬಾಬಾಜಾನ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಹದಿನಾಲ್ಕನೆಯ ಪ್ರಶ್ನೆಯ ಎರಡು ಮನೆಗಳಲ್ಲಿ ಒಂದಕ್ಕೆ ಮಾತ್ರ ಗುರುತು ಹಾಕಬೇಕಿತ್ತು. ನೀವು ಎರಡಕ್ಕೂ ಹಾಕಿ ಪಕ್ಕದಲ್ಲಿ ಶ್ರೀಮತಿಯವರ ಹೆಸರು ಬರೆದಿದ್ದೀರಿ. ಕಂಪ್ಯೂಟರು ಇದನ್ನು ಒಪ್ಪುತ್ತಿಲ್ಲ. ನಲವತ್ತೊಂದನೆಯ ಪ್ರಶ್ನೆ, ಅಂದರೆ "ಬ್ರಿಟಿಷ್ ಆಳ್ವಿಕೆಯು ನಿಮ್ಮ ಇಂದಿನ ಬದುಕಿನ ಮೇಲೆ ಉಳಿಸಿಹೋದ ಪರಿಣಾಮವೇನು?" ಎಂಬುದು ಖಾಲಿ ಇದೆ. ದಯವಿಟ್ಟು ತುಂಬಿ ಕಳುಹಿಸಿ.

ನನ್ನ ಸಂಶೋಧನೆಯ ಉದ್ದೇಶವನ್ನು ಅಂದು ಸರಿಯಾಗಿ ಹೇಳಲಾಗಲಿಲ್ಲ, ಎಮ್ಮೆಯ ಕಾರಣದಿಂದ. ತುಂಗಭದ್ರೆಯ ಎರಡೂ ದಡಗಳಲ್ಲಿ ಮಳೆ ಹೆಚ್ಚುಕಡಿಮೆ ಒಂದೇ, ಮಣ್ಣೂ ಒಂದೇ. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ದಡ ಮುಂಬೈ ಸರಕಾರದ್ದು, ಇನ್ನೊಂದು ಮೈಸೂರಿನದು. ಅಂದಿನ ತೀರ್ಮಾನಗಳು ಇಂದಿನ ಶಾಲೆ, ಪೇಟೆ, ಹೊಲಗಳಲ್ಲಿ ಎಷ್ಟು ಉಳಿದಿವೆ ಎಂದು ನೋಡುತ್ತಿದ್ದೇನೆ. ಅಂದಹಾಗೆ, ಮೈಸೂರನ್ನೂ 1831ರಿಂದ 1881ರವರೆಗೆ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳೇ ಆಳಿದರು. ಇದನ್ನು ಶ್ರೀಮತಿಯವರ ಗಮನಕ್ಕೆ ತರಬಹುದು.

ನಿಮ್ಮ ಹೊಲದ ಕಥೆ ನನಗೆ ಬಹಳ ಮುಖ್ಯವೆನಿಸಿತು. ಆಗ ಮಣ್ಣನ್ನು ಒಂಬತ್ತು ದರ್ಜೆ ಮಾಡುತ್ತಿದ್ದರು. ಹದಿನಾರಾಣೆ ಮೊದಲನೆಯದು, ಎರಡಾಣೆ ಕೊನೆಯದು. ಒಂದೊಂದು ದೋಷಕ್ಕೆ ಒಂದೊಂದು ದರ್ಜೆ, ಅದರೊಂದಿಗೆ ಕಂದಾಯವೂ, ಇಳಿಯುತ್ತಿತ್ತು. ಉತ್ತಮ ಎರೆಭೂಮಿ ಆರಾಣೆಗೆ ಇಳಿಯಲು ಐದು ದೋಷ ಬೇಕು. ಕುದುರೆ ಸಾಯುವುದು ದೋಷಗಳ ಪಟ್ಟಿಯಲ್ಲಿಲ್ಲ. ಒಬ್ಬ ಅಧಿಕಾರಿಯ ಒಂದು ಗಳಿಗೆಯ ಸಿಟ್ಟು ನೂರೆಪ್ಪತ್ತು ವರ್ಷ ಒಂದು ಕುಟುಂಬವನ್ನು ಹಿಂದಕ್ಕೆ ಹಿಡಿದಿದೆ ಎಂದರೆ, ಅದರಿಂದಲೇ ನನ್ನ ಮೂರನೆಯ ಅಧ್ಯಾಯ ಶುರುವಾಗಬೇಕು. ಶುರು ಮಾಡಿಯೂ ಬಿಟ್ಟಿದ್ದೇನೆ. ಕಡತ ಹುಡುಕುತ್ತೇನೆ. ಗೋರಿಯ ಉದ್ದ, ಅಗಲ, ಎತ್ತರ ಅಳೆದು ತಿಳಿಸಿ.

ವಿಶ್ವಾಸಿ
ಪ್ರವೀಣಕುಮಾರ


ಕರ್ಜಗಿ
17 ಮಾರ್ಚ್ 2025

ಪ್ರವೀಣಕುಮಾರ ಸಾಹೇಬ್ರಿಗೆ ಸಲಾಮು.

ನಿಮ್ಮ 1831 ರಮಜಾನಬಿಗೆ ಹೇಳಿದೆ. ಎರಡು ದಿನ ಅಕಿ ನನ್ನ ಜೋಡಿ ಮಾತಾಡಲಿಲ್ಲ. ರೋಜಾ ಉಪವಾಸದ ತಿಂಗಳ ನೋಡ್ರಿ, ನಸುಕಿನ ಊಟ ಸಹರಿಗೆ ಬರೇ ರೊಟ್ಟಿ ಇಟ್ಟಳು, ಚಟ್ನಿ ಇಲ್ಲ, ಪಲ್ಲೆ ಇಲ್ಲ. ಮೂರನೇ ದಿನ ಬಾಯಿ ಬಿಟ್ಟು, ಹಂಗಾದ್ರ 1881ರಾಗ ರಾಜರು ಹೊಳ್ಳಿ ಬಂದ ಮ್ಯಾಲೇನಾತು ಅಂತ ಬರದು ಕೇಳ್ರಿ ಅಂದಳು. ನಾ ಕೇಳಂಗಿಲ್ಲ. ನೀವೂ ಬರೀಬ್ಯಾಡ್ರಿ.

ಗೋರಿ ಅಳದೆ. ಉದ್ದ ಇಪ್ಪತ್ತೆರಡು ಫೂಟು, ಅಗಲ ಹದಿನಾಕು, ಎತ್ತರ ನನ್ನ ಎದಿಮಟ. ಇಷ್ಟು ದೊಡ್ಡ ಕುದರಿ ಏರಾಕ ಸಾಹೇಬ ನಿಚ್ಚಣಿಕಿ ಇಟ್ಟಿದ್ದನೇನೋ. ಕೊಟ್ರಪ್ಪ ಬದುವಿನ ಮ್ಯಾಲ ನಿಂತು ನೋಡಿ, "ಆನಿ ಇದ್ದೀತೋ ಬಾಬಾಜಾನ" ಅಂದ. ಆನಿ ಸತ್ತಿದ್ರ ಆರಾಣೆನೂ ಹಾಕ್ತಿದ್ದಿಲ್ಲ, ಎರಡಾಣೆ ಹಾಕ್ತಿದ್ದ ಅಂದೆ. ಇನ್ನೊಂದು ಮಾತು. ಅಂಥಾ ಬಿಳಿ ಕಲ್ಲು ನಮ್ಮ ಹೊಲದಾಗ ಬ್ಯಾರೆ ಎಲ್ಲೂ ಇಲ್ಲ. ಸಾಹೇಬ ಎಲ್ಲಿಂದ ತರಿಸಿದ್ನೋ. ಸಿಟ್ಟಿನ್ಯಾಗೂ ಕುದರಿ ಮ್ಯಾಲ ಪ್ರೀತಿ ಇತ್ತು ಅಂತ ಬರಕೊಳ್ರಿ.

ಹೋದ ವಾರ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ದಿದ್ದೆ. ಅಲ್ಲೆ ಯಾರೂ ಇದು ಎಷ್ಟಾಣೆ ಹೊಲದ್ದು ಅಂತ ಕೇಳಂಗಿಲ್ಲ. ಚೀಲಕ್ಕ ಕೈ ಹಾಕತಾರ, ಒಂದು ಕಾಯಿ ಮುರಿತಾರ, ಬಣ್ಣಾ ನೋಡತಾರ, ಸುಕ್ಕು ನೋಡತಾರ, ಸೀನ್ತಾರ, ರೇಟು ಬರೀತಾರ. ನಂದೂ ಕೊಟ್ರಪ್ಪಂದೂ ಒಂದ ಟೆಂಡರ್‌ನ್ಯಾಗ ಒಂದ ರೇಟಿಗೆ ಹೋದ್ವು. ಬ್ಯಾಡಗಿಯೊಳಗ ನಾವಿಬ್ರೂ ಹದಿನಾರಾಣೆ. ಕರ್ಜಗಿ ಬಸ್ಸಿನಿಂದ ಇಳದ ಕೂಡ್ಲೆ ನಾ ಮತ್ತ ಆರು.

ನಿಜಲಿಂಗಪ್ಪ ಬಂದಿದ್ದ. ರೋಜಾ ಇದ್ರೂ ನಾ ಚಹಾದಂಗಡಿಗೆ ಹೋಗಿ ಕುಂದರ್ತೇನಿ, ವಾಸನಿಗೆ ರೋಜಾ ಇಲ್ಲ. ಹಾವೇರಿಯೊಳಗ ಮಾಡಿಸಿದ ಮಣ್ಣಿನ ಪರೀಕ್ಷಾ ಚೀಟಿ ತೋರಸಿದೆ. ಛಲೋ ಐತಿ ಅಂದ. ಹೊಲಕ್ಕ ಕರಕೊಂಡು ಹೋದೆ. ಮಣ್ಣು ಮುಷ್ಟಿಯೊಳಗ ಹಿಡದು ಮೂಗಿಗೆ ಹಚ್ಚಿ, "ಮಣ್ಣೇನೋ ಬೆಣ್ಣಿ ಆಗೈತಿ ಬಾಬಾಜಾನ. ಆದ್ರ ಆರಾಣೆ" ಅಂದ. ಪರೀಕ್ಷಾ ಚೀಟಿ ಮಡಚಿ ಅದರಾಗ ಅಡಕಿ ಕಟಗೊಂಡು ಹೋದ.

ನಲವತ್ತೊಂದನೇದಕ್ಕ ಮುಂದಿನ ಪಾಕೀಟಿನ್ಯಾಗ ಬರೀತೇನಿ.

ಬಾಬಾಜಾನ

ಅಡಕಿ ಕಟಗೊಂಡು ಹೋಗಿದ್ದಕ್ಕ ಇವರು ಚಹಾದಂಗಡ್ಯಾಗ ಎಲ್ಲಾರ ಕೂಡ ನಕ್ಕರು. ಮನಿಗೆ ಬಂದು ಉಪವಾಸ ಬಿಡೂ ಹೊತ್ತಿಗೆ ಒಂದು ಖಜೂರಿ ಬಾಯಾಗ ಇಟಗೊಂಡು ಹಂಗ ಕುಂತಿದ್ರು, ನುಂಗಲಿಲ್ಲ. ಅದನ್ನ ಇವರು ಬರೆಯಂಗಿಲ್ಲ. ನಾ ಬರದೇನಿ. ರಮಜಾನಬಿ.


ಪುಣೆ
5 ಏಪ್ರಿಲ್ 2025

ಮಾನ್ಯ ಬಾಬಾಜಾನ ಅವರಿಗೆ,

ತಡವಾಗಿ ಈದ್ ಶುಭಾಶಯಗಳು. ಕಡತ ಸಿಕ್ಕಿದೆ. ಕೆಲವು ಹಾಳೆಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ. ಓದಿಸಲು ಸಮಯ ಬೇಕು.

ಈ ನಡುವೆ ಒಂದು ಮಾತು ಕೇಳಬೇಕಿತ್ತು. ನಿಮ್ಮ ಮನೆತನದಲ್ಲಿ ಮಕ್ತುಮಸಾಬ ಎಂಬ ಹಿರಿಯರಿದ್ದರೇ? ಅವರ ಸ್ವಭಾವ ಎಂಥದೆಂದು ಯಾರಾದರೂ ಹೇಳಿದ್ದುಂಟೆ?

ಚಹಾದಂಗಡಿಯಲ್ಲಿ ಕುದುರೆಯ ಕಥೆಯನ್ನು ಸದ್ಯಕ್ಕೆ ಹೇಳದಿದ್ದರೆ ಒಳ್ಳೆಯದು. ಕಾರಣ ಆಮೇಲೆ ತಿಳಿಸುತ್ತೇನೆ.

ಪ್ರವೀಣಕುಮಾರ


ಕರ್ಜಗಿ
16 ಏಪ್ರಿಲ್ 2025

ಪ್ರವೀಣಕುಮಾರ ತಮ್ಮಾ,

ಸಾಹೇಬ್ರ ಅನ್ನೂದು ಬಿಟ್ಟೇನಿ. ನಮ್ಮ ಮನಿತನದ ಹೆಸರು ಹುಡುಕಿ ತಗದಾವ ನಮ್ಮ ಹುಡುಗನ ಆದ.

ಮಕ್ತುಮಸಾಬ ನನ್ನ ಮುತ್ತಜ್ಜನ ಅಪ್ಪ. ಸರಕಾರದ ದಫ್ತರದಾಗ ಅವನ ಹೆಸರು ಐತಿ, ಅದೂ ನೀ ಬಾಯಿ ಬಿಟ್ಟು ಹೇಳಾಕ ಹಿಂದ ಮುಂದ ನೋಡೂ ಹಂಗ ಐತಿ ಅಂದ್ರ ನನಗ ತಿಳೀತು. ಅವ ಸಾಹೇಬಗ ಎದರ ನಿಂತಾನ. ಸಾಹೇಬನ ಕುದರಿ ತಾನಾಗಿ ಸತ್ತಿಲ್ಲ, ಹೌದಲ್ಲೋ? ಅದಕ್ಕ ಕಥಿ ಹೇಳಬ್ಯಾಡ್ರಿ ಅಂದಿ, ದೊಡ್ಡ ಕಥಿ ಬರೂದೈತಿ ಅಂತ. ನಾ ಕುದರಿ ಕಥಿ ಹೇಳಿಲ್ಲ, ನಿನ್ನ ಮಾತು ನಡಸೇನಿ. ಮಕ್ತುಮಸಾಬನ ಕಥಿ ಹೇಳೇನಿ. ಊರವರು ಗೋರಿ ಹತ್ತರ ಅವನ ಹೆಸರಿನ ಒಂದು ಬೋರ್ಡ ಹಾಕೂಣು ಅನ್ನಾಕತ್ತಾರ. ಪೇಂಟರನ್ನೂ ಕೇಳಿ ಬಂದೇನಿ.

ಕೊಟ್ರಪ್ಪಗ ಹೊಟ್ಟಿ ಉರದೈತಿ. ಮೊನ್ನೆ ಮನಿತನಕ ಬಂದು ಕುಂತು, ನೀರು ಕುಡದು, ನಾಕ ಮಾತು ಆ ಕಡೆ ಈ ಕಡೆ ಆಡಿ ಕಡೀಕ ಕೇಳಿದ. "ನಮ್ಮ ಹಿರಿಯಾರು ಹದಿನಾರಾಣೆ ಕಂದಾಯ ಕಟ್ಟಿದವರು. ನಿಮ್ಮಾಂವ ದಫ್ತರದಾಗ ಅದಾನ ಅಂದ್ರ ನಮ್ಮವರು ಇರಲಾರ್ದ ಇರತಾರೇನು? ಕೊಟ್ರಬಸಪ್ಪ ಅಂತ ಹೆಸರು. ಆ ಹುಡಗಗ ನೋಡಾಕ ಹೇಳು." ಸಿಕ್ಕರ ಕಳಸು ತಮ್ಮಾ. ಅವನ ಹೊಟ್ಟಿನೂ ತಣ್ಣಗಾಗಲಿ.

ನಲವತ್ತೊಂದು ಮರತಿಲ್ಲ. ಇನ್ನೂ ಎರಡು ಪಾಕೀಟು ಅದಾವು.

ನಿನ್ನ ಕಾಕಾ
ಬಾಬಾಜಾನ

ಪ್ರವೀಣಕುಮಾರ, ನೀ ಏನೋ ಮುಚ್ಚಿಡಾಕತ್ತಿ. ಎದರ ನಿಂತ ಮನಿಶ್ಯಾನ ಸ್ವಭಾವ ಯಾರೂ ಕೇಳಂಗಿಲ್ಲ. ಕೆಟ್ಟದಿದ್ರೂ ಬರಿ. ಬೋರ್ಡಿಗೆ ಬಣ್ಣಾ ಹಚ್ಚೂದ್ರಾಗ ಬರಿ. ನನಗ ಬೋರ್ಡ ಬ್ಯಾಡ, ನೆಟ್ ಬೇಕು. ರಮಜಾನಬಿ.


ಪುಣೆ
2 ಮೇ 2025

ಬಾಬಾಜಾನ ಕಾಕಾ, ರಮಜಾನಬಿ ಕಾಕು,

ತಪ್ಪಾಯಿತು. ಕಡತ ಏಪ್ರಿಲ್ ಮೊದಲ ವಾರದಲ್ಲೇ ಓದಿ ಮುಗಿಸಿದ್ದೆ. ಕಾಕುವಿನ ಸಾಲು ನೋಡಿದ ಮೇಲೆ ಇನ್ನು ಮುಚ್ಚಿಡುವುದು ಸರಿಯಲ್ಲ ಎನಿಸಿತು.

ಕುದುರೆ ಸತ್ತಿಲ್ಲ. ಮರುದಿನ ಮುಂದಿನ ಊರಿನ ಮುಕ್ಕಾಮಿನಲ್ಲಿ ಅದಕ್ಕೆ ಹುರುಳಿ ಬೇಯಿಸಿ ಹಾಕಿದ ದಾಖಲೆ ಇದೆ. ಅದು ಆರೋಗ್ಯವಾಗಿತ್ತು.

ನಿಮ್ಮ ಹೊಲವನ್ನು 1853ರ ಮಾರ್ಚ್ ತಿಂಗಳಲ್ಲಿ ನೋಡಿದ್ದಾರೆ. ಮಣ್ಣಿನ ಆಳ ಮೊದಲ ದರ್ಜೆ, ಬಣ್ಣ ಮೊದಲ ದರ್ಜೆ. ಆದರೆ ಸುಣ್ಣಗಲ್ಲು ವಿಪರೀತ ಬೆರೆತಿದೆ ಎಂದು ದೋಷದ ಮೇಲೆ ದೋಷ ಹಾಕಿ ಆರಾಣೆಗೆ ಇಳಿಸಿದ್ದಾರೆ. ಅದೇ ಕಡತದಲ್ಲಿ ಒಂದು ತಿಂಗಳ ನಂತರದ ತಕರಾರು ಅರ್ಜಿಯೊಂದಿದೆ. ಬರೆಸಿದವರು ಕೊಟ್ರಪ್ಪನವರ ಹಿರಿಯರಾದ ಕೊಟ್ರಬಸಪ್ಪ. ಕನ್ನಡಕ್ಕೆ ಇಳಿಸಿದ್ದೇನೆ:

"ಮಕ್ತುಮಸಾಬನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಮಣ್ಣು ಒಂದೇ. ಎರಡೂ ಕಡೆ ಗುದ್ದಲಿಯ ಕಾವು ಮುಳುಗುವ ತನಕ ಕಪ್ಪು. ಸರಕಾರದವರು ಬರುವ ಮುಂಚೆ ಎಂಟು ದಿನ ಇವನು ಗುಡ್ಡದ ಕಡೆಯಿಂದ ಇಪ್ಪತ್ತು ಗಾಡಿ ಬಿಳಿ ಕಲ್ಲು ತಂದು ಹೊಲದ ತುಂಬ ಹರವಿದನು. ಸರಕಾರದವರು ಹೋದ ಮೂರನೆಯ ದಿನ ಎಲ್ಲವನ್ನೂ ಆರಿಸಿ ಮೂಲೆಗೆ ಒಟ್ಟಿದನು. ಇದೇನೆಂದು ಕೇಳಿದರೆ ನಗುತ್ತಾನೆ. ಅವನ ಹೊಲವನ್ನೂ ಹದಿನಾರಾಣೆ ಮಾಡಬೇಕು. ಆಗದಿದ್ದರೆ ನನ್ನದನ್ನೂ ಆರಾಣೆ ಮಾಡಬೇಕು."

ಅರ್ಜಿಯ ಬದಿಯಲ್ಲಿ ಅಧಿಕಾರಿ ಬರೆದದ್ದು ಇಷ್ಟೇ: ಮಳೆಗಾಲದೊಳಗೆ ಇನ್ನೂ ಅರವತ್ತು ಊರು ಮುಗಿಸಬೇಕು, ಒಬ್ಬ ರೈತನ ಮಾತಿಗೆ ಹಿಂದಕ್ಕೆ ಹೋಗಲಾಗದು, ಬರೆದದ್ದು ಬರೆದ ಹಾಗೆ ಇರಲಿ. ಮೂವತ್ತು ವರ್ಷದ ನಂತರ ಮರು ಅಳತೆಗೆ ಬಂದವರು ಹೊಲಕ್ಕೆ ಇಳಿಯಲೇ ಇಲ್ಲ. ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ಆರು ಎಂದು ಇಳಿಸಿಕೊಂಡರು. ಅಲ್ಲಿಂದ ಅದು ಜನರ ಬಾಯಿಗೆ ಬಂತು.

ಇಷ್ಟು ದಿನ ಹೇಳದಿದ್ದಕ್ಕೆ ಎರಡು ಕಾರಣ. ಸಾಹೇಬನ ಸಿಟ್ಟು ಎಂದು ನಂಬಿದವರಿಗೆ ನಿಮ್ಮ ಮನೆಯವರದೇ ಕೈವಾಡ ಎಂದು ಹೇಗೆ ಬರೆಯಲಿ ಎಂಬುದು ಒಂದು. ಇನ್ನೊಂದು ಕಾರಣ ನನ್ನದೇ. "ಒಬ್ಬ ಅಧಿಕಾರಿಯ ಸಿಟ್ಟು" ಎಂದು ಹೆಸರಿಟ್ಟು ಮೂವತ್ತು ಪುಟ ಬರೆದು ನಮ್ಮ ಪ್ರೊಫೆಸರರಿಗೆ ಕೊಟ್ಟಿದ್ದೆ. ಅವರಿಗೆ ಬಹಳ ಹಿಡಿಸಿತ್ತು. ಈಗ ಸಿಟ್ಟೂ ಇಲ್ಲ, ಸತ್ತ ಕುದುರೆಯೂ ಇಲ್ಲ. ಇರುವುದು ಅವಸರ, ಮತ್ತು ಒಮ್ಮೆ ಬರೆದದ್ದನ್ನು ಇಳಿದು ನೋಡದ ರೂಢಿ. ಯೋಚಿಸಿದರೆ ಅದೇ ದೊಡ್ಡ ಸಂಗತಿ ಎನಿಸುತ್ತಿದೆ. ಬರೀ ಸಿಟ್ಟಾಗಿದ್ದರೆ ಅದು ಆ ಮನುಷ್ಯನ ಜೊತೆಗೇ ಹೋಗುತ್ತಿತ್ತು.

ಶಿಕ್ಕಾ ಹೊಡೆದ ನಕಲು, ಕನ್ನಡದ ಪ್ರತಿ ಎರಡನ್ನೂ ಇಟ್ಟಿದ್ದೇನೆ. ತೋರಿಸುವುದೋ ಹರಿದು ಒಲೆಗೆ ಹಾಕುವುದೋ ನಿಮಗೆ ಬಿಟ್ಟದ್ದು.

ಪ್ರವೀಣಕುಮಾರ


ಕರ್ಜಗಿ
19 ಮೇ 2025

ತಮ್ಮಾ ಪ್ರವೀಣಾ,

ನಿನ್ನ ಕಾಗದ ಓದಿ ಹೊಲಕ್ಕ ಹೋಗಿ ಗುಂಪಿ ಮುಂದ ಕುಂತೆ. ಇಪ್ಪತ್ತೈದು ವರ್ಷ ನಾ ಕುದರಿಯಂಗ ನೆಲಕ್ಕ ಬಿದ್ದಿದ್ದು ಎಲ್ಲಾ ಸುಳ್ಳಾತು. ನನ್ನ ಮೊಣಕಾಲು ನೋವು ಒಂದ ಖರೆ. ಆಮ್ಯಾಲ ಆ ಕಲ್ಲು ನೋಡಿದೆ. ಇಪ್ಪತ್ತು ಗಾಡಿ! ಎಂಟು ದಿನ ತಂದು ಹರವಿ, ಮತ್ತ ಒಂದೊಂದ ಆರಿಸಿ ಒಟ್ಟಿದ್ದು. ಮಂದಿನ್ನ ನಗಸಾಕ ನಾ ಯಾವತ್ತೂ ಇಷ್ಟು ದುಡದಿಲ್ಲ. ನಗಿ ಬಂತು. ನಕ್ಕೆ. ಅರ್ಧಕ್ಕ ನಿಂತಿತು. ಕಂದಾಯ ಉಳಿಸಿ ಮಕ್ತುಮಸಾಬ ನಕ್ಕೊಂತ ಹೋದ. ಅದನ್ನ ರಮಜಾನಬಿ ಈಗ ಮಂದಿ ನೆಟ್ಟಿನ್ಯಾಗ ಕುಂತು ತೀರಸಾಕತ್ತಾಳ.

ಬೋರ್ಡಿನ ಪೇಂಟರಗ ಸದ್ಯಕ್ಕ ಬ್ಯಾಡಂದೆ. ಕಾಗದ ಜೋಳದ ಕಣಜದಾಗ ಹುಗಿದೆ. ಎರಡ ದಿನ ದಕ್ಕಿತು. ಮೂರನೇ ದಿನ ರಮಜಾನಬಿ ಜೋಳ ತಗಿಯಾಕ ಹೋಗಿ ಕಾಗದ ತಗದಳು. ನಿಂತಲ್ಲೇ ಎರಡ ಸಲ ಓದಿದಳು. ಬೈತಾಳ ಅಂತ ನಾ ಬಾಗಲಾಕ ನಿಂತಿದ್ದೆ, ಓಡಾಕ ಅನುಕೂಲಾಗಲಿ ಅಂತ. ಬೈಲಿಲ್ಲ. ಚಾಳೀಸ ತಗದಿಟ್ಟು ಹೇಳಿದಳು. "ಕೊಟ್ರಪ್ಪಣ್ಣಾರು ತಮ್ಮ ಹಿರಿಯಾರ ಹೆಸರು ಕೇಳಿದ್ರಲ್ಲ, ಸಿಕ್ಕೈತಿ. ಅವರ ಕೈಯಾಗ ಕೊಡ್ರಿ. ಅವರ ಓದಲಿ. ಬೇಸ್ತವಾರ ಕೊಡ್ರಿ, ನಿಜಲಿಂಗಪ್ಪನವರು ಬಂದಾಗ." ಏಳನೇತ್ತ ಅಂದ್ರ ಸಣ್ಣದಲ್ಲ ತಮ್ಮಾ. ಮಹಾರಾಜರ ಸಾಲಿ ಬಗ್ಗೆ ನಾ ಇನ್ನ ಮಾತಾಡಂಗಿಲ್ಲ.

ಬೇಸ್ತವಾರ ಚಹಾದಂಗಡ್ಯಾಗ ನಿಜಲಿಂಗಪ್ಪ ಮಿರ್ಚಿ ತಿನ್ನಾಕತ್ತಿದ್ದ. ನಾ ಕೊಟ್ರಪ್ಪಗ ಪಾಕೀಟು ಕೊಟ್ಟು, ನಿಮ್ಮ ಹಿರಿಯಾರು ಪುಣೆ ದಫ್ತರದಾಗ ಸಿಕ್ಕಾರ ಅಂದೆ. ಅವ ಶಿಕ್ಕಾ ನೋಡಿದ, ಹೆಸರು ನೋಡಿದ, ಧೋತರದ ಚುಂಗು ಸರಿ ಮಾಡಕೊಂಡ. ಎದ್ದು ನಿಂತು ಎಲ್ಲಾರಿಗೂ ಕೇಳೂ ಹಂಗ ಓದಾಕ ಹತ್ತಿದ. ಮಣ್ಣು ಒಂದೇ ಅನ್ನೂದು ಜೋರ ದನಿಯಾಗ ಓದಿದ. ಕಾವು ಮುಳುಗುವ ತನಕ ಕಪ್ಪು ಅನ್ನೂದು ಅದಕ್ಕಿಂತ ಜೋರ. ಇಪ್ಪತ್ತು ಗಾಡಿ ಅಂದಾಗ ಮಂದಿ ನನ್ನ ಕಡೆ ಹೊಳ್ಳಿ ನಕ್ಕರು. ಕೊಟ್ರಪ್ಪಗ ಹುರುಪು ಏರಿತು. ನಡುವ ಎಲ್ಲೋ ದನಿ ಸಣ್ಣಾತು, ತಿಳದಿರಬೇಕು, ಆದ್ರ ನಿಂತು ಓದಾಕತ್ತಾವ ನಡುವ ಕುಂದ್ರೂದು ಹೆಂಗ? ಕಡೀತನಕ ಓದಿದ.

ನಿಜಲಿಂಗಪ್ಪ ಮಿರ್ಚಿ ಕೆಳಗಿಟ್ಟ. "ಕೊಟ್ರಪ್ಪ, ನಿಮ್ಮ ಹಿರಿಯಾರು ಸುಳ್ಳ ಅರ್ಜಿ ಕೊಡೂ ಪೈಕಿ ಏನು?" ಅಂದ.

"ನಮ್ಮ ಮನಿತನದಾಗ ಸುಳ್ಳ ಹೇಳಿದವರಿಲ್ಲ."

"ಹಂಗಾದ್ರ ಬಾಬಾಜಾನಂದು ಹದಿನಾರಾಣೆ ಹೊಲ."

ಕೊಟ್ರಪ್ಪ ನನ್ನ ನೋಡಿದ, ಕಾಗದ ನೋಡಿದ. ಕುಂತು ಪೂರಾ ಚಹಾ ಕುಡದ. ಬಸಿ ಕೆಳಗಿಟ್ಟು ಮೀಸಿ ಒರಸಿಕೊಂಡು ಅಂದ: "ನೂರಾ ಎಪ್ಪತ್ತೆರಡ ವರ್ಷಕ್ಕ ನಮ್ಮ ಹಿರಿಯಾರ ಅರ್ಜಿ ಮಂಜೂರಾತು ನೋಡ್ರಿ." ಎಲ್ಲಾರದೂ ಚಹಾದ ರೊಕ್ಕ ಅವನ ಕೊಟ್ಟ. ಗೆದ್ದಾವ ಅವನ ಅನ್ನೂ ಹಂಗ ಮನಿಗೆ ಹೋದ. ನಾ ಇನ್ನೂ ಅದನ್ನ ಕಲೀಬೇಕು.

ನಿಜಲಿಂಗಪ್ಪ ಪಟ್ಟಿಯೊಳಗ ರಮಜಾನಬಿ ಹೆಸರು ಬರಕೊಂಡಾನ. ಒಂದು ನೆಟ್. ಹೆಸರು ಸರಿ ಬರದಾರೋ ಇಲ್ಲೋ ಅಂತ ಅಕಿ ತಾನ ಹೋಗಿ ನೋಡಿ ಬಂದಳು.

ಗೋರಿಗೆ ಮಂದಿ ಇನ್ನೂ ಊದಬತ್ತಿ ಹಚ್ಚಾಕತ್ತಾರ. ಒಳಗ ಕುದರಿ ಇಲ್ರಿ ಅಂದೆ. ಇರಲಿ ಬಿಡು, ಎತ್ತು ಆರಾಮ ಆಗ್ಯಾವಲ್ಲ ಅಂದ್ರು.

ಬಾಬಾಜಾನ


ರಾಣೆಬೆನ್ನೂರು
2 ಜೂನ್ 2025

ಬಾಬಾಜಾನ ಕಾಕಾ,

ಊರಿಗೆ ಬಂದೇನಿ, ಮಳಿ ಜೋರೈತಿ. ನಾನೂ ರಾಣೆಬೆನ್ನೂರಿನವನ ಅಂತ ನಿಮಗ ಯಾಕ ಹೇಳಿರಲಿಲ್ಲೋ ಗೊತ್ತಿಲ್ಲ. ಮೊದಲಿನ ಪತ್ರದಾಗ ದೊಡ್ಡವನಂಗ ಕಾಣಬೇಕಂತಿತ್ತು ಅನಸ್ತೈತಿ.

ಪ್ರೊಫೆಸರರಿಗೆ ನಿಮ್ಮ ಚಹಾದಂಗಡಿ ಪತ್ರ ಓದಿ ಹೇಳಿದೆ. ಐದು ನಿಮಿಷ ನಕ್ಕರು. ಆಮ್ಯಾಲ ಮೂವತ್ತು ಪುಟಾನೂ ಹೊಳ್ಳಿ ಬರಿ ಅಂದ್ರು. ಅಧ್ಯಾಯದ ಹೊಸ ಹೆಸರು "ಇಳಿದು ನೋಡದವರು". ಮಕ್ತುಮಸಾಬರಿಗೆ ಅದರಾಗ ಎರಡು ಪುಟ, ಕೊಟ್ರಬಸಪ್ಪನವರಿಗೂ ಎರಡು. ಕೊಟ್ರಪ್ಪನವರಿಗೆ ಹೇಳ್ರಿ, ಇಬ್ಬರಿಗೂ ಸರಿಸಮ.

ನಲವತ್ತೊಂದನೇ ಪ್ರಶ್ನೆ ಇನ್ನೂ ಖಾಲಿ ಐತಿ. ಒಂದ ಪಾಕೀಟು ಉಳದೈತಿ. ಬಕ್ರೀದ್‌ಗೆ ಕಾಕುಗೂ ನಿಮಗೂ ಮುಂಚೇನ ಮುಬಾರಕ್.

ಪ್ರವೀಣ


ಕರ್ಜಗಿ
14 ಜೂನ್ 2025

ತಮ್ಮಾ ಪ್ರವೀಣಾ,

ಇದು ಕಡೀ ಪಾಕೀಟು. ಬಕ್ರೀದ್ ಛಲೋ ಆತು. ನೆಟ್ಟಿನ ಕಂಬ ನಿಂತಾವು, ಪರದೆ ನಾಳೆ ಕಟ್ಟತಾರ. ರಮಜಾನಬಿ ಕಂಬಕ್ಕ ಕೈ ಹಚ್ಚಿ ಹಚ್ಚಿ ನೋಡತಾಳ, ಅಕಿ ಸುಮ್ನಿದ್ರ ಕಂಬನ ಮಾತಾಡೂ ಹಂಗ ಐತಿ.

ಒಂದ ಪೇಚಾಟ ಬಂದೈತಿ. ನೆಟ್ಟಿನಿಂದ ಕಂಪನಿಗೆ ಎಷ್ಟು ಕಿಲೋ ಬೀಜ ಕೊಡಬೇಕು ಅಂತ ಗೊತ್ತು ಮಾಡಾಕ ರಾಣೆಬೆನ್ನೂರಿಂದ ಒಬ್ಬ ಸಾಹೇಬ ಬರೂದೈತಿ. ಹೊಲ ಛಲೋ ಇದ್ರ ಜಾಸ್ತಿ ಬರೀತಾರಂತ, ಸಾಧಾರಣ ಇದ್ರ ಕಡಿಮಿ. ಈಗ ನಮ್ಮದು ಹದಿನಾರಾಣೆ. ಕೊಟ್ರಪ್ಪಂದೂ ನಮ್ಮದೂ ಒಂದ ಲೆಕ್ಕ. ಇದನ್ನ ಕೇಳಿದಾಗ ನಾ ಗುಂಪಿ ಹತ್ತರ ನಿಂತಿದ್ದೆ. ಕಲ್ಲು ನನ್ನ ನೋಡಿದ್ವು. ನಾ ಕಲ್ಲು ನೋಡಿದೆ. ರಕ್ತದಾಗ ಐತಿ ತಮ್ಮಾ, ನಾ ಏನ ಮಾಡ್ಲಿ. ರಮಜಾನಬಿ ಹಾವೇರಿ ಸಂತಿಗೆ ಹೋದಾಗ ಹನ್ನೊಂದು ಬುಟ್ಟಿ ಹೊತ್ತು ಹೊಲದ ತುಂಬ ಚಂದಗೆ ಹರವಿದೆ. ಇಪ್ಪತ್ತು ಗಾಡಿ ಎಲ್ಲಿ, ಹನ್ನೊಂದು ಬುಟ್ಟಿ ಎಲ್ಲಿ. ಆದ್ರೂ ಮಕ್ತುಮಸಾಬ ಮ್ಯಾಲಿಂದ ನೋಡಿ ಭಲೆ ಅಂದಿರಬೇಕು ಅಂತ

ಇಲ್ಲಿಂದ ನಾ ಬರೀತೇನಿ, ಪ್ರವೀಣಾ, ಇವರು ಅರ್ಧಕ್ಕ ಬಿಟ್ಟು ಮೂರು ದಿನ ಆತು. ಸಂತಿಯಿಂದ ಬಂದು ನೋಡಿದೆ. ಹನ್ನೊಂದೂ ಬುಟ್ಟಿ ಇವರ ಕೈಲೆನ ಆರಿಸಿ ತಗಸೇನಿ. ಹತ್ತೂವರಿ ಬುಟ್ಟಿ ಆಗಿತ್ತು, ಇನ್ನೂ ಅರ್ಧ ಬುಟ್ಟಿ ಎಲ್ಲೈತಿ ಅಂದೆ. ಅದೂ ಸಿಕ್ತು.

ಕಂಪನಿ ಸಾಹೇಬ್ರು ನಿನ್ನೆ ಬಂದಿದ್ರು. ಕುದರಿ ಮ್ಯಾಲ ಅಲ್ಲ, ಮೋಟಾರಸೈಕಲ್ ಮ್ಯಾಲ. ಇಳೀಲಿಲ್ಲ. ಬದುವಿನ ಮ್ಯಾಲಿಂದನ ನೋಡಿ ಏನೋ ಬರಕೊಂಡು ಗಾಡಿ ಹೊಳ್ಳಿಸಿದ್ರು. ನಾ ಮುಂದ ಹೋಗಿ ನಿಂತೆ. "ಇಳೀರಿ. ಅಗದು ನೋಡಿ ಬರೀರಿ" ಅಂದೆ. ಬಿಸಲಾಗ ಎಲ್ಲಿ ಅಗೀತೀರಿ ಅಕ್ಕಾರ ಅಂದ್ರು. ಗುದ್ದಲಿ ನಾನ ತಂದಿದ್ದೆ. ಇಳದ್ರು. ಕಾವು ಮುಳುಗೂತನಕ ಅಗದೆ, ಕಪ್ಪು. ಮೊದಲು ಬರದದ್ದು ಹೊಡದು ಹಾಕಿ ಹೊಳ್ಳಿ ಬರಕೊಂಡ್ರು. ಬೀಜ ಜಾಸ್ತಿ ಕೊಡಬೇಕಾಕ್ಕೈತಿ. ಕೊಡತೇನಿ, ಕೈ ಅದಾವು.

ನಿನ್ನ ನಲವತ್ತೊಂದನೇದಕ್ಕ ಈ ಮ್ಯಾಲಿನದನ್ನ ಉತ್ತರ ಅಂತ ಬರಕೋ. ಹದಿನಾಕನೇದಕ್ಕ ಎರಡೂ ಗುರ್ತ ಹಂಗ ಇರಲಿ, ಅದರಾಗ ತಪ್ಪಿಲ್ಲ.

ಇವರು ಗುಂಪಿಗೆ ಬೆನ್ನ ಹಚ್ಚಿ ಕುಂತಾರ. ಕಲ್ಲು ಆರಿಸಿ ಆರಿಸಿ ಸೊಂಟ ಹಿಡದೈತಿ. ಎದ್ದ ಮ್ಯಾಲ ನಿನಗ ಸಲಾಂ ಹೇಳತಾರಂತ.

ರಮಜಾನಬಿ